ಕರಿಯರ ಹಾಡು ಕಟ್ಟಿದವನು

ಸಾಂತಾ ಬ್ರೀಹಿದಾ ಊರಿನ ದೊಡ್ಡ ಇಗರ್ಜಿಯಲ್ಲಿ ಗಾನಗುರುವಿನ ಕುರ್ಚಿ ಖಾಲಿಯಾದಾಗ ಎವಾರಿಸ್ತೊ ಉರ್ರುತಿಯಾನನ್ನು ತಾತ್ಕಾಲಿಕವಾಗಿ ಅದರಲ್ಲಿ ಕೂರಿಸಿದರು. ತಾತ್ಕಾಲಿಕ ಎನ್ನುವ ಮಾತಿಗೆ ನಮ್ಮ ಪಾದ್ರಿಗಳ ಸಭೆಯಲ್ಲಿ ತುಂಬ ಮರ್ಯಾದೆ. ಕುರ್ಚಿ ಖಾಯಂ ಆದರೆ ಮನುಷ್ಯ ಬಾಗುವುದನ್ನು ಬಿಟ್ಟುಬಿಡುತ್ತಾನೆ, ಆದ್ದರಿಂದ ಆದಷ್ಟು ಕಾಲ ಅವನನ್ನು ಬಾಗಿಸಿಯೇ ಇಡಬೇಕು ಎನ್ನುವುದು ಅವರ ಲೆಕ್ಕಾಚಾರ. ಎವಾರಿಸ್ತೊ ಬಾಗಿದ. ಅವನಿಗೆ ಆ ಕುರ್ಚಿ ಬೇಕಾಗಿತ್ತು. ಹಸಿದವನಿಗೆ ರೊಟ್ಟಿ ಬೇಕಾದ ಹಾಗೆ ಬೇಕಾಗಿತ್ತು ಎಂದರೆ ಕಡಿಮೆ ಹೇಳಿದಂತಾಗುತ್ತದೆ. ಹಸಿದವನು ರೊಟ್ಟಿಗಾಗಿ ಕದ್ದಾನು, ಇವನು ಮಾಡಿದ್ದನ್ನು ಮಾಡಲಾರ.

ಅವನ ಕೈಯಲ್ಲಿ ಸಂಗೀತವಿತ್ತು, ಅದರಲ್ಲಿ ಎರಡು ಮಾತಿಲ್ಲ. ಹಾಡುಗಾರರನ್ನು ಎರಡು ಗುಂಪು ಮಾಡಿ, ಒಂದನ್ನು ಬಲಿಪೀಠದ ಈ ಕಡೆ, ಇನ್ನೊಂದನ್ನು ಆ ಕಡೆ ನಿಲ್ಲಿಸಿ, ಒಂದು ಗುಂಪು ಕೇಳಿದ್ದಕ್ಕೆ ಇನ್ನೊಂದು ಗುಂಪು ಉತ್ತರ ಕೊಡುವಂತೆ ಅವನು ಕಟ್ಟುತ್ತಿದ್ದ ಪೂಜಾಸಂಗೀತಕ್ಕೆ ಉಣ್ಣೆ ಕಾರ್ಖಾನೆಯ ಒಡೆಯರೂ ತಲೆ ತಗ್ಗಿಸುತ್ತಿದ್ದರು. ಯೇಸುವಿನ ಸಾವನ್ನು ನೆನೆಯುವ ಪವಿತ್ರ ವಾರದಲ್ಲಿ ಅವನ ಶೋಕಗೀತೆ ಕೇಳಿ ಹೆಂಗಸರು ಕಣ್ಣೊರೆಸಿಕೊಳ್ಳುತ್ತಿದ್ದರು. ಆದರೆ ನಮ್ಮ ಊರಿನಲ್ಲಿ ಗಾನಗುರುವನ್ನು ತೂಗುವುದು ಪವಿತ್ರ ವಾರದಲ್ಲಿ ಅಲ್ಲ, ಕ್ರಿಸ್‌ಮಸ್ಸಿಗೆ. ಅದೂ ಕೊನೆಯ ಹಾಡಿನಲ್ಲಿ.

ಕುಡುಕರ ಕಾಟ ತಾಳಲಾರದೆ ಬಿಷಪ್ಪರು ಕ್ರಿಸ್‌ಮಸ್ಸಿನ ನಡುರಾತ್ರಿಯ ಪ್ರಾರ್ಥನೆಯನ್ನು ಹಿಂದಿನ ಸಂಜೆಗೇ ಎಳೆದು ತಂದಿದ್ದರು. ಪ್ರಾರ್ಥನೆಯ ನಡುನಡುವೆ ಹಾಡುಗಳು. ಪ್ರತಿ ವರ್ಷ ಎಲ್ಲ ಹೊಸದಾಗಿರಬೇಕು, ಹಳೆಯದನ್ನು ಹಾಡಿದರೆ ಜನ ಕೆಮ್ಮುತ್ತಾರೆ. ಮೊದಲು ಕುರುಬರ ಹಾಡು, ಆಮೇಲೆ ಜಿಪ್ಸಿಗಳ ಹಾಡು, ಬೆತ್ಲೆಹೇಮಿಗೆ ದಾರಿ ತಪ್ಪಿಸಿಕೊಂಡ ಕಿವುಡ ಪಟೇಲನ ಹಾಡು. ಎಲ್ಲದರ ಕೊನೆಗೆ ಕರಿಯರ ಹಾಡು. ಹಾಡುಗಾರರು ಮುಖಕ್ಕೆ ಮಸಿ ಬಳಿದುಕೊಂಡು, ದಮ್ಮಡಿ ಬಡಿಯುತ್ತಾ, ಮುಗ್ಗರಿಸುತ್ತಾ, ಗುಲಾಮರ ತೊದಲು ಮಾತಿನಲ್ಲಿ ಬಾಲಯೇಸುವನ್ನು ನೋಡಲು ಹೊರಡುತ್ತಾರೆ. ಜನ ಬರುವುದೇ ಅದಕ್ಕೆ. ನಿಜವಾದ ಕರಿಯರು, ಅಂದರೆ ಕಾರ್ಖಾನೆಗಳಲ್ಲಿ ಉಣ್ಣೆ ನೂಲುವವರು, ಅಡುಗೆಯವರು, ನೀರು ಹೊರುವವರು, ಹಿಂದಿನ ಬಾಗಿಲ ಹತ್ತಿರ ಕಟಕಟೆಯಾಚೆ ನಿಂತು ನೋಡುತ್ತಾರೆ. ಅವರೂ ನಗುತ್ತಾರೆ ಎಂದು ಮುಂದೆ ಕೂತವರು ಹೇಳುತ್ತಾರೆ. ಮುಂದೆ ಕೂತವರು ಯಾವತ್ತೂ ಹಿಂದೆ ತಿರುಗಿ ನೋಡಿದ್ದನ್ನು ನಾನಂತೂ ಕಂಡಿಲ್ಲ.

ಹೋದ ಕ್ರಿಸ್‌ಮಸ್ಸಿನಲ್ಲಿ ಎವಾರಿಸ್ತೊನ ಕರಿಯರ ಹಾಡಿಗೆ ಯಾರೂ ನಗಲಿಲ್ಲ. ಅವನು ಅದನ್ನು ಚೆನ್ನಾಗಿ ಕಟ್ಟಿದ್ದ, ತಪ್ಪಾಗಿದ್ದೇ ಅಲ್ಲಿ. ಹಾಡಿನ ನಡುವೆ ಒಬ್ಬ ಮುದಿ ಪಾದ್ರಿ ಸೀನಿದಾಗ ಮಾತ್ರ ಜನ ಹೊಟ್ಟೆ ತುಂಬ ನಕ್ಕರು. ಆದ್ದರಿಂದ ಈ ವರ್ಷ ನವೆಂಬರ್ ಬರುತ್ತಿದ್ದಂತೆ ಇಗರ್ಜಿಯ ಹಾಡುಗಾರಿಕೆಯ ಉಸ್ತುವಾರಿ ಹೊತ್ತ ಹಿರಿಯ ಪಾದ್ರಿ ದೋನ್ ಹಿಲಾರಿಯೊ ಅವನನ್ನು ಪಕ್ಕಕ್ಕೆ ಕರೆದರು. ಅವರು ಕೆಟ್ಟವರಲ್ಲ. ನಮ್ಮ ಊರಿನ ಅರ್ಧ ಅನಾಹುತ ಆಗಿರುವುದು ಕೆಟ್ಟವರಲ್ಲದವರಿಂದಲೇ.

“ನೋಡು ಎವಾರಿಸ್ತೊ, ನಿನ್ನ ಪೂಜೆ ಸಂಗೀತ ಕೇಳಿದ್ರೆ ನನಗೇ ಸ್ವರ್ಗ ಕಂಡ ಹಾಗಾಗುತ್ತೆ ಕಣಯ್ಯ. ಆದ್ರೆ ಬಿಷಪ್ಪರಿಗೆ ಸ್ವರ್ಗ ಬೇಡ, ನಗು ಬೇಕು. ಜನವರೀಲಿ ಮೂರು ರಾಜರ ಹಬ್ಬ ಮುಗಿದ ಮೇಲೆ ಸಭೆ ಸೇರುತ್ತೆ. ಈ ಸಲಾನೂ ಜನ ನಗಲಿಲ್ಲ ಅಂದ್ರೆ ಕುರ್ಚಿ ಕ್ರಿಸಾಂತೊಗೆ ಹೋಗುತ್ತೆ. ನನ್ನ ಕೈಲಿ ಏನೂ ಇಲ್ಲ.”

ಕ್ರಿಸಾಂತೊ ಬೆಲ್ಮೊಂತೆ ಇಗರ್ಜಿಯ ಆರ್ಗನ್ ನುಡಿಸುವವನು. ಸಂಗೀತದಲ್ಲಿ ಅಷ್ಟಕ್ಕಷ್ಟೆ, ಆದರೆ ನಗಿಸುವುದರಲ್ಲಿ ಅವನನ್ನು ಬಿಟ್ಟರಿಲ್ಲ. ಎವಾರಿಸ್ತೊನ ಮೈಬಣ್ಣ ಅವನಿಗೆ ದಿನನಿತ್ಯದ ಸರಕು. ಅಂಗಳದಲ್ಲಿ ಎಲ್ಲರ ಎದುರಿಗೆ, “ಬಿಸಿಲಲ್ಲಿ ಜಾಸ್ತಿ ನಿಲ್ಲಬೇಡಿ ಗುರುಗಳೆ. ಕ್ರಿಸ್‌ಮಸ್ಸಿಗೆ ಮಸಿ ಖರ್ಚು ಉಳಿಸೋಣ ಅಂತಾನಾ?” ಎನ್ನುತ್ತಿದ್ದ. ಎವಾರಿಸ್ತೊ ಎಲ್ಲರಿಗಿಂತ ಗಟ್ಟಿಯಾಗಿ ನಗುತ್ತಿದ್ದ. ತನ್ನನ್ನು ಹೆತ್ತವಳು ಬಿಸಿಲ ನಾಡು ಆಂದಲೂಸಿಯದ ಒಬ್ಬ ಬಡ ಬಿಳಿ ಕುಲೀನೆ, ಹೆತ್ತು ಸತ್ತಳು ಎಂದು ಅವನು ಊರಿಗೆ ಬಂದ ಹೊಸದರಲ್ಲೇ ಹೇಳಿ ಮುಗಿಸಿದ್ದ.

ಹೆತ್ತವಳು ಸತ್ತಿರಲಿಲ್ಲ. ಅವನ ಅಡುಗೆಮನೆಯಲ್ಲಿ ಜೋಳ ಅರೆಯುತ್ತಿದ್ದಳು.

ತೊಮಾಸಾಳನ್ನು ಹರೆಯದಲ್ಲೇ ಅಂಗೋಲಾದಿಂದ ಹಡಗಿನಲ್ಲಿ ತಂದು ವೆರಾಕ್ರೂಸ್ ಬಂದರಿನಲ್ಲಿ ಇಳಿಸಿದ್ದರು. ಕೊಂಡವನು ಉರ್ರುತಿಯಾ ಎನ್ನುವ ವ್ಯಾಪಾರಿ. ಎವಾರಿಸ್ತೊ ಅವನ ಮಗ. ಮುದುಕ ಸಾಯುವಾಗ ನರಕದ ಹೆದರಿಕೆಗೆ ಇಬ್ಬರನ್ನೂ ಬಿಡುಗಡೆ ಮಾಡಿ, ಹುಡುಗನಿಗೆ ತನ್ನ ಹೆಸರನ್ನೂ ಕೊಟ್ಟುಹೋದ. ಹುಡುಗ ಅಪ್ಪನ ಮೂಗು, ಅಪ್ಪನ ಕೂದಲು ಪಡೆದು ಹುಟ್ಟಿದ್ದ. ಸಂಗೀತ ಕಲಿತು ದೊಡ್ಡವನಾಗಿ, ಗುರುತಿಲ್ಲದ ಊರು ಹುಡುಕಿಕೊಂಡು ತಾಯಿಯ ಜೊತೆ ಘಟ್ಟ ಹತ್ತಿ ಬಂದಾಗ, ಊರಬಾಗಿಲಲ್ಲಿ ಸುಂಕದವನು ಈ ಹೆಂಗಸು ಯಾರು ಎಂದು ಕೇಳಿದ. ಇಗರ್ಜಿಯಲ್ಲಿ ಕೆಲಸ ಬೇಕಾದವನ ರಕ್ತದಲ್ಲಿ ಕರಿಯರ ಸೋಂಕು ಇರಬಾರದು ಎನ್ನುವುದು ಅವಳಿಗೂ ಗೊತ್ತಿತ್ತು. ಎವಾರಿಸ್ತೊ ಬಾಯಿ ತೆರೆಯುವ ಮೊದಲೇ ಅವಳು, ನಾನು ಇವರ ಆಳು ಎಂದುಬಿಟ್ಟಳು, ಅಲ್ಲಿಂದಾಚೆ ಊರಿನ ಲೆಕ್ಕದಲ್ಲಿ ಅವಳು ಅವನ ದಾಸಿ. ಅವತ್ತು ಅವನಿಗೆ ಅಳು ಬಂದಿತ್ತು. ಆಮೇಲೆ ಅಭ್ಯಾಸವಾಯಿತು. ಹೊರಗಿನವರ ಮುಂದೆ ಅವಳು ಅವನನ್ನು ಸ್ವಾಮಿ ಎನ್ನುತ್ತಿದ್ದಳು, ಅವನು ಅವಳನ್ನು ತೊಮಾಸಾ ಎನ್ನುತ್ತಿದ್ದ. ಬಾಗಿಲು ಹಾಕಿದ ಮೇಲೆ ಅವ್ವ, ಮಗ. ಬರಬರುತ್ತಾ ಬಾಗಿಲು ಹಾಕಿದ ಮೇಲೂ ಅವನು ಅವ್ವ ಎನ್ನುವುದು ಕಡಿಮೆಯಾಗಿತ್ತು. ಗೋಡೆ ತೆಳುವಾಗಿದೆ ಎನ್ನುವುದು ಅವನ ಕಾರಣ.

ನಮ್ಮ ಮಾತು ಅವಳ ನಾಲಿಗೆಗೆ ಪೂರ್ತಿ ಹಿಡಿಸಲೇ ಇಲ್ಲ. ನಾನು ಬರ್ತದೆ, ನೀನು ತಿನ್ನುತ್ತದೆ, ಮಳೆ ಬರ್ತದೆ, ದೇವರು ಬರ್ತದೆ. ಅವಳ ಬಾಯಲ್ಲಿ ಮನುಷ್ಯನಿಗೂ ಮಡಕೆಗೂ ಒಂದೇ ಮರ್ಯಾದೆ. ಸಂತೆಯಲ್ಲಿ ಅವಳು ಮಾತಾಡಿದರೆ ಮೆಣಸಿನಕಾಯಿ ಮಾರುವ ಹೆಂಗಸರು ಬೇಕೆಂದೇ ಇನ್ನೊಂದು ಸಲ ಹೇಳಿಸುತ್ತಿದ್ದರು. ಆ ಮಾತಿನಿಂದ ಇಗರ್ಜಿಯನ್ನೂ ನಗಿಸಬಹುದು ಎಂದು ಎವಾರಿಸ್ತೊನಿಗೆ ಹೊಳೆದದ್ದು ಡಿಸೆಂಬರ್ ಹತ್ತಿರವಾದಾಗ. ಖಾಲಿ ಕಾಗದದ ಮುಂದೆ ಕೂತು ಕೂತು ಬೇಸತ್ತಿದ್ದ. ಅಡುಗೆಮನೆಯಿಂದ ಅವಳ ದನಿ ಬರುತ್ತಿತ್ತು.

ಪ್ರತಿ ವರ್ಷ ಆ ಹೊತ್ತಿಗೆ ಅವಳು ಒಲೆಯ ಪಕ್ಕ ಗೋದಲಿ ಕಟ್ಟುತ್ತಿದ್ದಳು. ಒಂದಿಷ್ಟು ಪಾಚಿ, ಮಣ್ಣಿನ ಕುರಿ, ತಾನೇ ಮಾಡಿದ ಬಟ್ಟೆಯ ಮಗು. ಮಗುವಿನ ಮುಂದೆ ಒಂದು ಬಟ್ಟಲು ನೀರಿಟ್ಟು ಮೆಲ್ಲಗೆ ಹಾಡುತ್ತಿದ್ದಳು: “ಅಳಬೇಡ ಅಳಬೇಡ, ನೀರು ಬರ್ತದೆ. ದೊಡ್ಡ ನೀರು ಬರ್ತದೆ, ಸಿಹಿ ನೀರು ಬರ್ತದೆ. ಅಮ್ಮ ತರ್ತದೆ, ನೀನು ಕುಡೀತದೆ.”

ಅದು ಯಾವ ಹಾಡು ಎಂದು ಅವನಿಗೆ ಗೊತ್ತಿತ್ತು. ಗೊತ್ತಿರಲಿಲ್ಲ ಎಂದು ಯಾರಾದರೂ ಅವನ ಪರ ವಾದಿಸಿದರೆ ನಂಬಬೇಡಿ. ಅವನು ಚಿಕ್ಕವನಿದ್ದಾಗ ಅವಳೇ ಹೇಳಿದ್ದಳು. ಹಡಗಿನಲ್ಲಿ ಅವಳ ಮಡಿಲಲ್ಲಿ ಒಂದು ಹೆಣ್ಣುಕೂಸು ಇತ್ತು. ಕುಡಿಯುವ ನೀರು ಮುಗಿಯುತ್ತಾ ಬಂದಾಗ ಹಡಗಿನವರು ಮೊದಲು ಕೂಸುಗಳಿಗೆ ಕೊಡುವುದನ್ನು ನಿಲ್ಲಿಸಿದರು. ಎದೆ ಬತ್ತಿಹೋಗಿತ್ತು. ನೀರು ಬರುತ್ತದೆ ಎಂದು ಹಾಡುತ್ತಾ ಅವಳು ಕೂಸನ್ನು ತೂಗಿದಳು, ನೀರು ಬರಲಿಲ್ಲ, ಕೂಸನ್ನು ಸಮುದ್ರಕ್ಕೆ ಹಾಕಿದರು. ಹಾಡಿನ ಹಳೆಯ ಮಾತುಗಳು ಅವಳಿಗೇ ಮರೆತುಹೋಗಿ ನಮ್ಮ ಮಾತು ಬಂದು ಕೂತಿತ್ತು, ಆದರೆ ರಾಗ ಮಾತ್ರ ಅದೇ. ಎವಾರಿಸ್ತೊನನ್ನು ತೂಗಿದ್ದೂ ಅದೇ ರಾಗದಲ್ಲಿ.

ಅವನು ಎದ್ದುಹೋಗಿ ಬಾಗಿಲ ಹಿಂದೆ ನಿಂತು ಪೂರ್ತಿ ಕೇಳಿಸಿಕೊಂಡ. ಆಮೇಲೆ ಬಂದು ಕೂತು ಬರೆದ. ನಿಧಾನವಾಗಿದ್ದ ರಾಗವನ್ನು ಕುಣಿತದ ಓಟಕ್ಕೆ ಹತ್ತಿಸಿದ, ದಮ್ಮಡಿ ಸೇರಿಸಿದ, ‘ನೀರು ಬರ್ತದೆ’ ಎನ್ನುವುದನ್ನು ಪಲ್ಲವಿ ಮಾಡಿ ಎರಡೂ ಗುಂಪಿನವರು ಒಬ್ಬರ ಬಾಯಿಂದ ಒಬ್ಬರು ಕಿತ್ತುಕೊಳ್ಳುವಂತೆ ಹೊಸೆದ. ಒಬ್ಬ ದಡ್ಡ ಕರಿಯ ಬಾಲಯೇಸುವಿಗೆ ನೀರು ತರಲು ಹೋಗಿ, ಪ್ರತಿ ಸಲವೂ ಎಡವಿ, ಕೊಡವನ್ನು ತನ್ನ ತಲೆಯ ಮೇಲೇ ಸುರಿದುಕೊಳ್ಳುತ್ತಾನೆ. ಎಷ್ಟೆಂದರೂ ದೇವರ ಮಗುವಿಗೆ ಅರ್ಪಿಸುತ್ತಿದ್ದೇನೆ, ಅವಳೂ ಅದೇ ಮಗುವಿನ ಮುಂದೆ ತಾನೆ ಹಾಡುವುದು ಎಂದು ತನಗೆ ತಾನೇ ಹೇಳಿಕೊಂಡ. ಬರೆಯುವಾಗ ಒಂದೆರಡು ಕಡೆ ಅವನಿಗೇ ನಗು ಬಂತು.

ಹಬ್ಬದ ಹಿಂದಿನ ದಿನ ಅವಳಿಗೆ, ಚಳಿ ಜಾಸ್ತಿಯಿದೆ, ಮಂಡಿ ನೋವು ಬೇರೆ, ಮನೆಯಲ್ಲೇ ಇರು ಎಂದ. ಅವಳು ಹೂಂ ಎಂದಳು. ಆದರೆ ಮಗನ ಹಾಡು ಕೇಳದೆ ಅವಳು ಯಾವ ಕ್ರಿಸ್‌ಮಸ್ಸನ್ನೂ ಕಳೆದವಳಲ್ಲ. ಕರಿಯರ ಸೋದರಕೂಟದವರ ಜೊತೆ ಬಂದು ಕಟಕಟೆ ಹಿಡಿದು ನಿಂತಿದ್ದಳು.

ಅವತ್ತು ನಮ್ಮ ಇಗರ್ಜಿ ನಕ್ಕ ಹಾಗೆ ಯಾವತ್ತೂ ನಕ್ಕಿಲ್ಲ. ಮೊದಲ ಕೊಡ ತಲೆಯ ಮೇಲೆ ಬಿದ್ದು, ಮಸಿ ಕರಗಿ ಗದ್ದದಿಂದ ಬಿಳಿ ಅಂಗಿಗೆ ಇಳಿದಾಗಲೇ ಜನ ಬೆಂಚು ತಟ್ಟತೊಡಗಿದರು. ಎರಡನೆಯದಕ್ಕೆ ಬಿಷಪ್ಪರು ಟೋಪಿ ತೆಗೆದು ಮುಖ ಒರೆಸಿಕೊಂಡರು. ಕೊನೆಗೆ ಇಡೀ ಇಗರ್ಜಿಯೇ, ವರ್ತಕರು, ಅವರ ಹೆಂಡಿರು, ಸಿಪಾಯಿಗಳು, ಎಲ್ಲರೂ ಹಾಡುಗಾರರ ಜೊತೆ ಸೇರಿಕೊಂಡು ‘ನೀರು ಬರ್ತದೆ, ನೀರು ಬರ್ತದೆ’ ಎಂದು ಕೂಗುತ್ತಿದ್ದರು. ಬಲಿಪೀಠದ ಮೆಟ್ಟಿಲ ಮೇಲೆ ನಿಂತು ತಾಳ ಹಾಕುತ್ತಿದ್ದ ಎವಾರಿಸ್ತೊನ ಮೈಯೆಲ್ಲ ಬಿಸಿಯಾಗಿತ್ತು. ಕುರ್ಚಿ ತನ್ನದಾಯಿತು ಎಂದು ಗೊತ್ತಾದ ಆ ಗಳಿಗೆಯಲ್ಲೇ ಕಣ್ಣು ಕಟಕಟೆಯತ್ತ ಹೋಯಿತು. ಅವಳು ಅಲ್ಲಿದ್ದಳು. ಅಕ್ಕಪಕ್ಕದವರು ನೆಲ ನೋಡುತ್ತಿದ್ದರು, ಅವಳು ಅವನನ್ನು ನೋಡುತ್ತಿದ್ದಳು. ಅವನು ತಾಳ ತಪ್ಪಿಸಲಿಲ್ಲ.

ಮನೆಗೆ ಬಂದಾಗ ಗೋದಲಿ ಇರಲಿಲ್ಲ. ಪಾಚಿ, ಕುರಿ, ಬಟ್ಟೆಯ ಮಗು, ಎಲ್ಲವನ್ನೂ ಎತ್ತಿಟ್ಟಾಗಿತ್ತು. ಅವಳು ಏನಾದರೂ ಅನ್ನಲಿ ಎಂದು ಅವನು ಕಾದ, ಬೈದರೆ ಉತ್ತರ ಸಿದ್ಧವಾಗಿತ್ತು. ಅವಳು ಬೈಯಲಿಲ್ಲ. ಬಿಸಿ ಅತೋಲೆ ಗಂಜಿ ಮುಂದಿಟ್ಟು, “ಜನ ಚೆನ್ನಾಗಿ ನಗ್ತದೆ” ಎಂದಳು. ಆಮೇಲೆ ಒಲೆ ಆರಿಸಿ ಮಲಗಲು ಹೋದಳು.

ಕಥೆ ಇಲ್ಲಿಗೇ ಮುಗಿದಿದ್ದರೆ ಎವಾರಿಸ್ತೊನಂಥ ಮಕ್ಕಳು ಎಲ್ಲ ಊರಲ್ಲೂ ಇರುತ್ತಾರೆ ಎಂದು ಸುಮ್ಮನಾಗಬಹುದಿತ್ತು. ಹಬ್ಬದ ಮಾರನೆಯ ದಿನ ದೋನ್ ಹಿಲಾರಿಯೊ ಅಭಿನಂದನೆ ಹೇಳಲು ಮನೆಗೇ ಬಂದರು. ಜೊತೆಗೆ ಕ್ರಿಸಾಂತೊ, ಮುಖ ಸಪ್ಪಗೆ ಮಾಡಿಕೊಂಡು. ತೊಮಾಸಾ ಬಟ್ಟಲುಗಳಲ್ಲಿ ಕುಡಿಯುವ ಚಾಕೊಲೇಟ್ ತಂದಿಟ್ಟಳು. ಪಾದ್ರಿಗಳು ಬಟ್ಟಲಿಗೆ ಕೈ ಹಾಕಿದಾಗ, “ಬಿಸಿ ಅದೆ ಸ್ವಾಮಿ, ಬಾಯಿ ಸುಡ್ತದೆ” ಎಂದಳು. ಅಷ್ಟೇ ಅವಳು ಅಂದದ್ದು. ದೋನ್ ಹಿಲಾರಿಯೊ ಬಟ್ಟಲು ಕೆಳಗಿಟ್ಟು ಅವಳ ಮುಖವನ್ನೇ ನೋಡಿದರು, ಆಮೇಲೆ ತೊಡೆ ತಟ್ಟಿಕೊಂಡು ನಗತೊಡಗಿದರು. ಓಹೋ, ನಿನ್ನ ಹಾಡಿನ ಬಾವಿ ಇಲ್ಲಿದೆಯೋ, ನಾವು ಇಡೀ ಊರು ಹುಡುಕುತ್ತಿದ್ದೆವಲ್ಲ ಎಂದರು.

ಹುಡುಕುತ್ತಿದ್ದದ್ದು ನಿಜವೇ. ಸೋಲೆದಾದ್ ಕನ್ಯಾಮಠದ ಹಿರಿಯಮ್ಮ ಬಿಷಪ್ಪರ ತಂಗಿ. ಮಠದ ಕನ್ಯಾಸ್ತ್ರೀಯರು ಹೊಸಿಲು ದಾಟುವಂತಿಲ್ಲ, ಆದ್ದರಿಂದ ಇಗರ್ಜಿಯ ನಗು ಅವರಿಗೆ ಬರೀ ವರದಿ. ಮೂರು ರಾಜರ ಹಬ್ಬಕ್ಕೆ ಆ ಹಾಡು ತಮ್ಮ ಮಠದಲ್ಲಿ ಆಗಬೇಕು, ಗಂಡಸರು ಒಳಗೆ ಬರುವಂತಿಲ್ಲವಾದ್ದರಿಂದ ನಿಜವಾದ ಒಬ್ಬ ಕರಿಯಳೇ ಹಾಡಬೇಕು, ಹಾಡಿದ ಮೇಲೆ ಮಠದಲ್ಲೇ ಇರಬೇಕು ಎಂದು ಹಿರಿಯಮ್ಮ ಹಟ ಹಿಡಿದಿದ್ದಳಂತೆ. ನಿನ್ನ ಆಳನ್ನು ಮಠಕ್ಕೆ ದಾನ ಮಾಡಿಬಿಡು, ಹಬ್ಬದ ಕಾಣಿಕೆ ಅಂತ, ಬಿಷಪ್ಪರ ಮನೆಯವರ ಬಾಯಿ ಸಿಹಿಯಾದರೆ ಸಭೆಯಲ್ಲಿ ಎದುರಾಡುವವರು ಯಾರು ಎಂದರು ದೋನ್ ಹಿಲಾರಿಯೊ.

ಎವಾರಿಸ್ತೊ ಅವಳು ಮುದುಕಿ ಎಂದ, ಮಂಡಿನೋವು ಎಂದ, ತನ್ನ ಅಡುಗೆಗೆ ಬೇರೆ ಜನ ಇಲ್ಲ ಎಂದ. ಪ್ರತಿ ಮಾತಿಗೂ ಅವರು ತಲೆಯಾಡಿಸಿದರು. ಆಗ ಕ್ರಿಸಾಂತೊ ಬಾಯಿ ತೆರೆದ.

“ಒಂದು ಮುದಿ ಆಳನ್ನ ಬಿಟ್ಟುಕೊಡೋಕೆ ಇಷ್ಟು ಒದ್ದಾಟ ಯಾಕೆ ಗುರುಗಳೆ? ಹೆತ್ತ ತಾಯೀನ ಕೇಳಿದ ಹಾಗೆ ಆಡ್ತೀರಲ್ಲ.”

ದೋನ್ ಹಿಲಾರಿಯೊ ನಕ್ಕರು. ಕ್ರಿಸಾಂತೊ ನಗಲಿಲ್ಲ. ಎವಾರಿಸ್ತೊನ ಮುಖವನ್ನು, ಆಮೇಲೆ ಬಾಗಿಲಲ್ಲಿ ನಿಂತಿದ್ದ ತೊಮಾಸಾಳ ಮುಖವನ್ನು, ಸರಕು ನೋಡುವವನ ಹಾಗೆ ನಿಧಾನವಾಗಿ ನೋಡಿದ. ಎವಾರಿಸ್ತೊ ಎಂದಿನಂತೆ ಎಲ್ಲರಿಗಿಂತ ಗಟ್ಟಿಯಾಗಿ ನಕ್ಕು, ಛೆ, ಒಂದು ಆಳಿನ ಮಾತಿಗೆ ಇಷ್ಟೆಲ್ಲ ಯಾಕೆ, ಹಿರಿಯಮ್ಮನವರ ಇಷ್ಟವೇ ನನ್ನ ಇಷ್ಟ ಎಂದುಬಿಟ್ಟ.

ಅವರು ಹೋದ ಮೇಲೆ ಅವನು ಬಾಗಿಲು ಹಾಕಿ ಅವಳ ಮುಂದೆ ಮಂಡಿಯೂರಿ ಕೂತ. ಬಹಳ ದಿನಗಳ ಮೇಲೆ ಅವ್ವ ಎಂದ. ಸ್ವಲ್ಪ ದಿನ ಮಾತ್ರ ಎಂದ. ಕುರ್ಚಿ ಖಾಯಂ ಆಗಲಿ, ಬೇಸಿಗೆ ಬರುವ ಮೊದಲೇ ಏನಾದರೂ ನೆಪ ಹೇಳಿ ಬಿಡಿಸಿಕೊಂಡು ಬರುತ್ತೇನೆ ಎಂದ. ಈಗ ಇಲ್ಲವೆಂದರೆ ಕ್ರಿಸಾಂತೊ ಮೂಸಿ ನೋಡದೆ ಬಿಡುವುದಿಲ್ಲ, ನನ್ನನ್ನು ಇಗರ್ಜಿಯಿಂದಲೇ ಓಡಿಸುತ್ತಾರೆ, ನಿನ್ನ ಮಗ ಬೀದಿಯಲ್ಲಿ ಪಿಟೀಲು ಬಾರಿಸಿ ತಿನ್ನಬೇಕಾ ಎಂದು ಕೇಳಿದ. ಅವಳು ಅವನ ತಲೆಗೂದಲನ್ನು ಬೆರಳಿನಿಂದ ಹಿಂದಕ್ಕೆ ಸರಿಸಿದಳು. ಅಪ್ಪನಂಥ ನೇರ ಕೂದಲು.

“ಆ ಕುರ್ಚಿ ನಿನಗೆ ಅಷ್ಟು ಬೇಕಾಗ್ತದಾ?”

“ಬೇಕು ಅವ್ವ.”

“ಮೊದಲನೇ ಸಲ ನನ್ನ ಮಾರಿದವರು ಗುರುತು ಇಲ್ಲದವರು” ಎಂದಳು ಅವಳು. “ಅದು ಸುಲಭ ಇತ್ತು.”

ಅವನು ಅಳತೊಡಗಿದ. ಅಳು ನಿಜವಾದದ್ದೇ. ಅಳು ನಿಜವಾಗಿದ್ದರೆ ಮನುಷ್ಯ ಒಳ್ಳೆಯವನು ಎಂದೇನಿಲ್ಲ. ಅವಳು ಅವನನ್ನು ಸಮಾಧಾನ ಮಾಡಿದಳು, ನಾನು ಹೋಗ್ತದೆ, ನೀನು ಅಳಬೇಡ ಎಂದಳು. ಅವನು ಮೂಗು ಒರೆಸಿಕೊಂಡು, ಮಠದಲ್ಲಿ ಅವಳಿಗೆ ಏನೇನು ಬೇಕಾಗಬಹುದು ಎಂದು ವಿಚಾರಿಸಿದ. ಏನೂ ಬೇಡ ಎಂದಳು.

ದಾನಪತ್ರ ಬರೆಯಲು ಚೌಕದ ಕಮಾನುಗಳ ಕೆಳಗೆ ನೋಟರಿ ದೋನ್ ಅನ್ಸೆಲ್ಮೊನ ಅಂಗಡಿಗೆ ಹೋದರು. ಮಠದ ಪಾರುಪತ್ತೇಗಾರ ಬಂದಿದ್ದ, ಸಾಕ್ಷಿಗೆ ದೋನ್ ಹಿಲಾರಿಯೊ ಬಂದಿದ್ದರು. ಅನ್ಸೆಲ್ಮೊ ಗರಿ ಅದ್ದಿಕೊಂಡು, ಗುಲಾಮರ ಕೈಬದಲಾವಣೆಗೆ ಕೇಳುವ ಮಾಮೂಲಿ ಪ್ರಶ್ನೆಗಳನ್ನು ಕೇಳುತ್ತಾ ಹೋದ. ಎಲ್ಲಿಂದ ಬಂದವಳು? ತಂದೆಯವರಿಂದ ಬಂದವಳು ಎಂದ ಎವಾರಿಸ್ತೊ. ಕಳ್ಳತನದ ಚಾಳಿ? ಇಲ್ಲ. ಕುಡಿತ? ಇಲ್ಲ. ಓಡಿಹೋಗುವುದು? ಯಾವತ್ತೂ ಇಲ್ಲ. ಎದುರು ಮಾತು? ಇಲ್ಲ. ಮೂರ್ಛೆ, ಹೃದಯದ ಕಾಯಿಲೆ, ಗುಪ್ತ ರೋಗ? ಇಲ್ಲ, ಇಲ್ಲ. ಹೆತ್ತ ತಾಯಿಯ ಗುಣಗಳನ್ನು ಒಂದೊಂದಾಗಿ ನಾಲ್ಕು ಜನರ ಮುಂದೆ ಹೇಳುವ ಸಂದರ್ಭ ಅವನಿಗೆ ಅದುವರೆಗೂ ಬಂದಿರಲಿಲ್ಲ. ಪಾರುಪತ್ತೇಗಾರ ಅವಳ ಬಾಯಿ ತೆರೆಸಿ ಹಲ್ಲು ನೋಡಿದ. ಹಾಡುವುದಕ್ಕೆ ತಾನೆ, ಇಷ್ಟು ಸಾಕು ಎಂದ.

ಆಗ ನೋಟರಿ ಎವಾರಿಸ್ತೊ ಎಣಿಸಿರದ ಪ್ರಶ್ನೆ ಕೇಳಿದ. ಇವಳಿಗೆ ಮಕ್ಕಳಿದ್ದಾರೆಯೆ?

ಎಣಿಸಬೇಕಾಗಿತ್ತು. ದಾಸಿಯ ಹೊಟ್ಟೆಯಲ್ಲಿ ಹುಟ್ಟಿದ್ದು ದಾಸಿಯ ಒಡೆಯನಿಗೆ ಸೇರಿದ್ದು ಎನ್ನುವುದು ನಮ್ಮಲ್ಲಿ ಹಾಲು ಕುಡಿಯುವ ಮಕ್ಕಳಿಗೂ ಗೊತ್ತು. ಆದ್ದರಿಂದಲೇ ಪತ್ರ ಬರೆಯುವಾಗ ಇದನ್ನು ಕೇಳದೆ ಬಿಡುವುದಿಲ್ಲ, ಮುಂದೆ ತಕರಾರು ಬರಬಾರದಲ್ಲ. ಬಿಡುಗಡೆಯಾದ ಹೆಂಗಸನ್ನು ದಾಸಿ ಎಂದು ಈಗಷ್ಟೇ ತಾನೇ ಬಾಯಾರೆ ಬರೆಸಿದ್ದ. ಅವಳು ಒಂದು ಬೆರಳು ತೋರಿಸಿದರೆ ಸಾಕು, ಕುರ್ಚಿ ಹೋಯಿತು, ಹೆಸರು ಹೋಯಿತು, ತಾನೂ ಆ ಪತ್ರದೊಳಗಿನ ಸರಕೇ ಆದಂತೆ. ಎವಾರಿಸ್ತೊ ಇಲ್ಲ ಎನ್ನಲು ಬಾಯಿ ತೆರೆಯುವಷ್ಟರಲ್ಲಿ ನೋಟರಿ ನೇರವಾಗಿ ಅವಳ ಕಡೆಗೇ ತಿರುಗಿ, ನೀನೇ ಹೇಳಮ್ಮ ಎಂದ.

“ಎರಡು ಇತ್ತು ಸ್ವಾಮಿ” ಎಂದಳು ತೊಮಾಸಾ. “ಹೆಣ್ಣು ಹಡಗಲ್ಲಿ ಸತ್ತುಹೋಗ್ತದೆ.”

“ಇನ್ನೊಂದು?”

“ಗಂಡು. ಅದೂ ಸತ್ತುಹೋಗ್ತದೆ.”

“ಯಾವಾಗ?”

“ಈ ಕ್ರಿಸ್‌ಮಸ್ಸಿಗೆ.”

ಗರಿ ನಿಂತಿತು. ದೋನ್ ಹಿಲಾರಿಯೊ ಅಯ್ಯೋ ಪಾಪ ಎಂದು ಶಿಲುಬೆ ಗುರುತು ಹಾಕಿಕೊಂಡರು. ಅನ್ಸೆಲ್ಮೊ ಪತ್ರಕ್ಕೆ ಬೇಕಾದ್ದರಿಂದ ಸತ್ತವನ ಹೆಸರು ಕೇಳಿದ. ಅವಳು ಎವಾರಿಸ್ತೊ ಎಂದಳು. ಯಾರಿಗೂ ಆಶ್ಚರ್ಯವಾಗಲಿಲ್ಲ. ಗುಲಾಮರು ಮಕ್ಕಳಿಗೆ ಒಡೆಯನ ಹೆಸರಿಡುವುದು ನಮ್ಮಲ್ಲಿ ಇದ್ದದ್ದೇ. ನೋಟರಿ ಮೆಚ್ಚುಗೆಯಿಂದ ತಲೆಯಾಡಿಸಿ ಬರೆದುಕೊಂಡ. ದೋನ್ ಹಿಲಾರಿಯೊ ಮಾತ್ರ ಎವಾರಿಸ್ತೊನ ಕಡೆ ತಿರುಗಿ ಸ್ವಲ್ಪ ಬೇಸರದಿಂದಲೇ ಗದರಿದರು.

“ಮನೆ ಆಳಿನ ಮಗ ಹಬ್ಬದ ದಿನ ತೀರಿಕೊಂಡಿದ್ದಾನೆ, ಒಂದು ಮಾತು ಹೇಳೋದಲ್ಲವೇನಯ್ಯ? ಮುದುಕಿ ಆ ದುಃಖದಲ್ಲೂ ನಮಗೆ ಚಾಕೊಲೇಟ್ ಕೊಟ್ಟಳಲ್ಲ. ಒಂದು ಸತ್ತವರ ಪೂಜೆನಾದ್ರೂ ಆಗ್ಲಿ. ನೀನೇ ಹಾಡಿಸು.”

ಎವಾರಿಸ್ತೊ, ಆಗಲಿ, ಹಾಡಿಸುತ್ತೇನೆ ಎಂದು ರುಜು ಹಾಕಿದ. ಪಾರುಪತ್ತೇಗಾರ ಅವಳನ್ನು ಕರೆದುಕೊಂಡು ಹೋದ. ಅವಳು ಕೈಯಲ್ಲಿ ಏನನ್ನೂ ಹಿಡಿದುಕೊಂಡಿರಲಿಲ್ಲ.

ಮೂರು ರಾಜರ ಹಬ್ಬಕ್ಕೆ ಅವಳು ಮಠದಲ್ಲಿ ಹಾಡಿದಳು. ದಮ್ಮಡಿ ಇರಲಿಲ್ಲ, ಕೊಡ ಇರಲಿಲ್ಲ, ಕುಣಿತವಿಲ್ಲ. ತನಗೆ ಗೊತ್ತಿದ್ದ ಹಾಗೆ ನಿಧಾನವಾಗಿ, ಮೆಲ್ಲಗೆ, ತೂಗುವವಳ ಹಾಗೆ ಹಾಡಿದಳಂತೆ. ನಗಬೇಕಾದ ಹಾಡು ಎಂದು ಮೊದಲೇ ಹೇಳಿದ್ದರಿಂದ ಕನ್ಯಾಸ್ತ್ರೀಯರು ನಕ್ಕರು. ಹಿರಿಯಮ್ಮನಿಗೆ ನಗು ತಡೆಯಲಾಗದೆ ಬಿಕ್ಕಳಿಕೆ ಹತ್ತಿತು. ಮಾರನೆಯ ದಿನ ಸಭೆ ಸೇರಿ, ಒಂದೂ ಎದುರು ಮಾತಿಲ್ಲದೆ ಎವಾರಿಸ್ತೊ ಉರ್ರುತಿಯಾನನ್ನು ಗಾನಗುರುವಾಗಿ ಖಾಯಂ ಮಾಡಿತು. ಕ್ರಿಸಾಂತೊ ಬಂದು ಕೈ ಕುಲುಕಿದ. ಹೊಸ ಗುರು ಆ ಕುರ್ಚಿಯಲ್ಲಿ ಕೂತು ಮಾಡಿಸಬೇಕಾದ ಮೊದಲ ಕೆಲಸ, ತೊಮಾಸಾ ಎನ್ನುವ ದಾಸಿಯ ಮಗನಿಗಾಗಿ ಸತ್ತವರ ಪೂಜೆ.

ಅವನು ಹಳೆಯದನ್ನು ಹಾಡಿಸಿ ಮುಗಿಸಬಹುದಿತ್ತು. ಮುಗಿಸಲಿಲ್ಲ. ಹೊಸದಾಗಿ ಕಟ್ಟಿದ, ಊಟ ಬಿಟ್ಟು ಕಟ್ಟಿದ. ನಮ್ಮ ಇಗರ್ಜಿಯಲ್ಲಿ ಅಂಥದ್ದು ಅದಕ್ಕೆ ಮೊದಲೂ ಕೇಳಿಲ್ಲ, ಆಮೇಲೂ ಕೇಳಿಲ್ಲ ಎಂದು ಹಾಡುಗಾರರು ಹೇಳುತ್ತಾರೆ. ಸತ್ತವರ ಪೂಜೆಯಾದ್ದರಿಂದ ಕಟಕಟೆ ತೆಗೆದು ಕರಿಯರನ್ನು ಮುಂದಕ್ಕೆ ಬಿಟ್ಟಿದ್ದರು. ಮಠದವರು ತೊಮಾಸಾಳನ್ನು ಆ ಹೊತ್ತಿಗೆ ಮಾತ್ರ ಕಳಿಸಿಕೊಟ್ಟಿದ್ದರು. ಕಪ್ಪು ಬಟ್ಟೆ ಹೊದಿಸಿದ ಖಾಲಿ ಶವಪೆಟ್ಟಿಗೆಯ ಮುಂದೆ ಅವಳು ಮಂಡಿಯೂರಿದ್ದಳು. ದೋನ್ ಹಿಲಾರಿಯೊ ಗಂಟಲು ಸರಿಮಾಡಿಕೊಂಡು, ನಿನ್ನ ದಾಸ ಎವಾರಿಸ್ತೊನ ಆತ್ಮವನ್ನು ಸ್ವೀಕರಿಸು ಎಂದು ಓದಿದಾಗ ಅವಳಿಗೆ ಅಳು ಒತ್ತರಿಸಿ ಬಂತು. ಹಡಗಿನ ಕೂಸಿಗೆ ಸತ್ತವರ ಪೂಜೆ ಆಗಿರಲಿಲ್ಲ, ಹಾಗಾಗಿ ಎರಡರ ಅಳುವೂ ಒಟ್ಟಿಗೇ ಬಂದಿರಬಹುದು. ಮೇಲೆ ಎವಾರಿಸ್ತೊ ಕೈಯೆತ್ತಿದ, ಎರಡೂ ಗುಂಪುಗಳು ಅವನಿಗೆ ಶಾಂತಿ ಕೋರಿದವು.

ಪೂಜೆ ಮುಗಿದ ಮೇಲೆ ಸತ್ತವನ ಮನೆಯವರು ಬಾಗಿಲ ಬಳಿ ನಿಲ್ಲುವುದು, ಬಂದವರೆಲ್ಲ ಕೈ ಹಿಡಿದು ಸಮಾಧಾನದ ಮಾತು ಹೇಳಿ ಹೋಗುವುದು ನಮ್ಮ ಪದ್ಧತಿ. ತೊಮಾಸಾ ಒಬ್ಬಳೇ ನಿಂತಳು. ನೀರು ಹೊರುವವರು, ಅಡುಗೆಯವರು, ಉಣ್ಣೆ ನೂಲುವವರು ಒಬ್ಬೊಬ್ಬರಾಗಿ ಬಂದರು. ದೋನ್ ಹಿಲಾರಿಯೊ ಬಂದರು. ಕ್ರಿಸಾಂತೊ ಕೂಡ ಬಂದ, ಸಂಗೀತಕ್ಕೆ ಅವನ ಕಣ್ಣೂ ಒದ್ದೆಯಾಗಿತ್ತು. ಒಡೆಯನಾಗಿದ್ದವನು ಬಾರದಿದ್ದರೆ ಚೆನ್ನಾಗಿರುವುದಿಲ್ಲ ಎಂದು ಎವಾರಿಸ್ತೊನೂ ಮೆಟ್ಟಿಲಿಳಿದು ಬಂದು ಸಾಲಿನಲ್ಲಿ ನಿಂತ. ತನ್ನ ಸರದಿ ಬಂದಾಗ ಅವಳ ಕೈ ಹಿಡಿದ. ಅವ್ವ ಎನ್ನಲು ತುಟಿ ಅಲುಗಿತು, ಹಿಂದೆ ಜನರಿದ್ದರು.

“ದೇವರು ನಿನಗೆ ಸಮಾಧಾನ ಕೊಡಲಿ, ತೊಮಾಸಾ” ಎಂದ.

ಅವಳು ಅವನನ್ನು ನೋಡಿದಳು. ಎಲ್ಲರಿಗೂ ಕೊಟ್ಟ ಉತ್ತರವನ್ನೇ ಕೊಟ್ಟಳು.

“ಬಂದಿದ್ದು ಉಪಕಾರ ಆಗ್ತದೆ, ಸ್ವಾಮಿ. ನೀವು ನನ್ನ ಮಗನ್ನ ನೋಡಿದ್ದಿಲ್ಲ. ಒಳ್ಳೇ ಮಗ ಇತ್ತು.”

ಆಮೇಲೆ ಅವನ ಕೈ ಬಿಟ್ಟು, ಅವನ ಹಿಂದೆ ನಿಂತಿದ್ದವನ ಕೈ ಹಿಡಿದಳು.